ಡಿಸ್ಕಿಗೆ ಹದ್ದುಬಸ್ತು

ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೂ ಮೂರು ಕಂಪ್ಯೂಟರ್ ನಡೆಸಬಹುದೆಂದು ನನಗೆ ಹೇಳಿಕೊಟ್ಟವರ ಮನೆ ತಣ್ಣಗಿರಲಿ. ಅವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಅಣ್ಣಿಗೇರಿಯಲ್ಲಿ ಯಾವುದನ್ನೇ ಆಗಲಿ ಮೊದಲು ಮಾಡಿದವನು ನಾನೇ ಆಗಬೇಕೆಂಬುದು ನನ್ನ ಚಟ. ಒಂದು ಮಷೀನು ನನ್ನ ಹಳೆಯ ಟೈಪಿಂಗಿಗೆ, ಒಂದು ಲಿನಕ್ಸ್ ಕಲಿಯಲಿಕ್ಕೆ, ಮೂರನೆಯದು ಯಾರಾದರೂ ಬೀಗರು ಬಂದರೆ ಇರಲಿ ಎಂದು.

ಡಿಸ್ಕಿನಲ್ಲಿ ಖಾಲಿ ಇದ್ದದ್ದು ನಾನೂರೈವತ್ತು ಜಿಬಿ. ಶಲವಡಿಯವರೆಗೂ ಹೋಗಿ ಅಣ್ಣತಮ್ಮಂದಿರ ಹೊಲ ಪಾಲು ಮಾಡಿಸಿ ಬರುವ ಪಂಚ ನಾನು. ನನಗೆ ಇದಾವ ಲೆಕ್ಕ? ನೂರೈವತ್ತರಂತೆ ಮೂರು ಸಮಪಾಲು! "ಬೇಕಾದಂತೆ ಬೆಳೆಯಲು ಬಿಡಲೇ, ಈಗಲೇ ಪೂರ್ತಿ ಜಾಗ ಹಿಡಿದಿಡಲೇ?" ಎಂದು ಕಂಪ್ಯೂಟರ್ ವಿನಯದಿಂದ ಕೇಳಿತು. ಬೆಳೆಯಲು ಬಿಟ್ಟರೆ ಒತ್ತುವರಿ, ಒತ್ತುವರಿಯಾದರೆ ಕೋರ್ಟು. ಈಗಲೇ ಹದ್ದುಬಸ್ತಾಗಲಿ ಎಂದು ಗುಂಡಿ ಒತ್ತಿದೆ.

ಮಧ್ಯಾಹ್ನ ನಾಲ್ಕು ದಾಟಿದ ಮೇಲೆ ನನ್ನ ಹೆಂಡತಿ ದಾನೇಶ್ವರಿ ಅದೇ ಕಂಪ್ಯೂಟರಿನ ಮುಂದೆ ಕಸೂತಿ ಪಾಠದ ವಿಡಿಯೊ ಮಾಡಲು ಕೂತಳು. ತರಬೇತಿ ಕೇಂದ್ರದಲ್ಲಿ ಶಿಕ್ಷಕಿಯ ಕೆಲಸ ಖಾಲಿ ಇತ್ತು; ಅದಕ್ಕೆ ಅರ್ಜಿ ಹಾಕಿದ್ದಳು. ಐದು ಗಂಟೆಯೊಳಗೆ ವಿಡಿಯೊ ಕಳಿಸಬೇಕಿತ್ತು. ಎರಡೇ ನಿಮಿಷಕ್ಕೆ 'ಜಾಗವಿಲ್ಲ' ಎಂದು ರೆಕಾರ್ಡಿಂಗ್ ನಿಂತುಹೋಯಿತು.

"ಏನ್ ತುಂಬೀರಿ ಇದರಾಗ?"

"ಏನೂ ತುಂಬಿಲ್ಲ. ಮೂರೂ ಮಷೀನು ಖಾಲಿ ಅದಾವ."

"ಖಾಲಿ ಇದ್ದರ ಜಾಗಾ ಯಾಕಿಲ್ರಿ?"

"ಅದು... ಹಿಡಿದಿಟ್ಟ ಖಾಲಿ."

"ಅಂದ್ರ ಬಸ್ಸಿನ್ಯಾಗ ಟಾವೆಲ್ ಹಾಕಿದಂಗ! ಕುಂಡ್ರವರು ಯಾರೂ ಇಲ್ಲ, ನಿಂತವರು ನಾವು!"

ಗಂಟೆ ನಾಲ್ಕೂವರೆ. ನನ್ನಿಂದ ಅವಳಿಗೆ ಆ ಕೆಲಸ ತಪ್ಪೀತು ಎಂದು ಓಡಿ ಬಂದು ಕಂಪ್ಯೂಟರಿನ ಮುಂದೆ ಕೂತೆ. ಬೀಗರ ಪಾಲನ್ನು ಅಳಿಸಿಬಿಟ್ಟೆ (ಬೀಗರು ಕ್ಷಮಿಸಲಿ). ದಾನೇಶ್ವರಿ ಮತ್ತೆ ರೆಕಾರ್ಡಿಂಗ್ ಹಚ್ಚಿ ಸೂಜಿ ಹಿಡಿದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ನೋಡ್ರಿ, ಬಟ್ಟಿ ಇದ್ದಷ್ಟೂ ಗೋಪುರದ ಚಿತ್ತಾರ ತುಂಬೂದಲ್ಲ. ಮೊದಲ ಎಳಿ ಎಣಸ್ರಿ. ಅಂಚಿಗೆ ಜಾಗಾ ಬಿಡ್ರಿ. ಬೇಕಾದಂಗ ಮುಂದ ಬೆಳಸ್ಕೋತ ಹೋಗ್ರಿ. ತಿಳೀತೇನ್ರಿ?" ಎಂದಳು, ನನ್ನನ್ನೇ ದಿಟ್ಟಿಸಿ.

"ಸಮಪಾಲು ಮಾಡಿದ್ರ ತಪ್ಪು ಹೆಂಗಾಗ್ತದ?" ಎಂದೆ.

"ಮತ್ತೊಮ್ಮಿ ಹೇಳ್ತೀನಿ, ಕಣ್ಣು ಬಿಟ್ಟು ನೋಡ್ರಿ!"

ಹೀಗೆ ನಾಲ್ಕು ಸಲ ಹೇಳಿದಳು. ನಾಲ್ಕು ಸಲವೂ ನಾನು ವಾದಿಸಿದೆ. ತಿರುಗಿ ಮಾಡಲು ವೇಳೆ ಇರಲಿಲ್ಲ; ಇದ್ದದ್ದು ಇದ್ದಂತೆಯೇ ಕಳಿಸಿದೆವು.

ಮೂರನೆಯ ದಿನ ಕೇಂದ್ರದ ಮುಖ್ಯಸ್ಥೆ ಸುನಿತಾ ಅವರ ಫೋನ್ ಬಂತು. ನಾನೇ ಗಡಿಬಿಡಿಯಿಂದ ಸ್ಪೀಕರ್ ಹಾಕಿದೆ.

"ಕೆಲಸ ನಿಮ್ಮದಾತ್ರಿ ಅಕ್ಕಾರ. ಪಾಠ ಅಗದಿ ಛಲೋ ಆಗೇದ. ಆ ದಡ್ಡ ವಿದ್ಯಾರ್ಥಿ ಪಾರ್ಟು ಮಾಡಿದವ್ರು ಯಾರ್ರಿ? ಎಷ್ಟು ಸಹಜ ಮಾಡ್ಯಾರ! ಅವರನ್ನೂ ದಿನಾ ಕರಕೊಂಡ ಬರ್ರಿ."