ಡಿಡಿಟಿ ಪಂಪಿನ ಮೂವರು

ಒಬ್ಬನೇ ಮಾಡುವ ಕೆಲಸ ಹೇಗೋ ಮುಗಿಯುತ್ತದೆ. ಮೂವರು ಸೇರಿದಲ್ಲಿ ಮಾತ್ರ ಏನಾದರೊಂದು ಎಡವಟ್ಟು ಆಗದ ದಿನವೇ ಇರುವುದಿಲ್ಲ. ಮಲೇರಿಯ ಓಡಿಸಲು ಮನೆಮನೆಗೆ ಡಿಡಿಟಿ ಹೊಡೆಯುತ್ತಿದ್ದ ಐವತ್ತರ ದಶಕದಲ್ಲಿ ನಾನು ಪುತ್ತೂರು ಕಡೆಯ ಒಂದು ತಂಡದ ಮೇಸ್ತ್ರಿ. ಒಬ್ಬ ಅಂಗಳದಲ್ಲಿ ಪಂಪು ಒತ್ತುವವ, ಇನ್ನೊಬ್ಬ ಒಳಗೆ ಕೊಳವೆ ಹಿಡಿದು ಗೋಡೆಗೆ ಹೊಡೆಯುವವ, ಪುಡಿಯ ಚೀಲ ಹೊತ್ತು ಹುಕುಂ ಕೊಡುವವ ನಾನು. ಮೂವರದೂ ತಾತ್ಕಾಲಿಕ ನೌಕರಿ. ಇನ್‌ಸ್ಪೆಕ್ಟರು ಒಳ್ಳೆಯದು ಬರೆದರೆ ಖಾಯಂ. ಹೆಂಡತಿ ದಿನಾ ಅದನ್ನೇ ಕೇಳಿ ನನ್ನ ತಲೆ ತಿನ್ನುತ್ತಿದ್ದಳು.

೧. ಕಾಫಿಯ ಜಗಳ

ಬೆಳ್ಳಾರೆಯ ಒಂದು ಮನೆಯಲ್ಲಿ ಕಾಫಿ ಮೊದಲು ಕೊಳವೆ ಹಿಡಿದು ಹೊಡೆಯುವವನ ಕೈಗೆ ಹೋಯಿತು. ಒತ್ತುವವನಿಗೆ ಅದು ಮರ್ಯಾದೆಯ ಪ್ರಶ್ನೆ. ಇಬ್ಬರೂ ಮಾತು ಬಿಟ್ಟರು.

ಮುಂದಿನ ಮನೆಯಲ್ಲಿ ಒಳಗಿನಿಂದ ಅವ "ಒತ್ಲಿಕ್ಕೆ ಹೇಳಿ" ಎನ್ನುವುದು, ನಾನು ಅಂಗಳಕ್ಕೆ ಓಡುವುದು. ಹೊರಗಿನಿಂದ ಇವ "ಸಾಕಾ ಕೇಳಿ" ಎನ್ನುವುದು, ನಾನು ಒಳಗೆ ಓಡುವುದು. ನನಗೆ ರೇಗಿ ಹೋಯಿತು. ಆ ಮನೆಯ ಅಜ್ಜಿ ನೋಡುವಷ್ಟು ನೋಡಿ ಇಬ್ಬರಿಗೂ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ನನಗಿಲ್ಲ.

"ಪಾಪ, ಅವರಿಬ್ಬರಿಗೂ ಕಿವಿ ಕೇಳುದಿಲ್ಲ. ನಿಮಗೆ ಎಂತ ಆಗಿದೆ?" ಎಂದರು.

೨. ಭಾಷಣದ ಫಲ

ಆ ಸಂಜೆ ಬಸ್ಸಿಗೆ ಕಾಯುತ್ತಾ ಇಬ್ಬರಿಗೂ ಭಾಷಣ ಬಿಗಿದೆ. ಹೇಳಿಸಿಕೊಳ್ಳದೆ ಒಬ್ಬರಿಗೊಬ್ಬರು ಸಹಾಯ ಮಾಡಬೇಕು, ತಪ್ಪು ಒಬ್ಬನದ್ದಾದರೂ ಅದು ಮೂವರದ್ದು ಎಂದೆ. ರಾಜಿಯಾಯಿತು.

ಮರುದಿನ ಸವಣೂರಿನಲ್ಲಿ ನಾನು ಬಾಲ್ದಿ ನೀರಿಗೆ ಪುಡಿ ಕಲಸಿಟ್ಟು ಯಜಮಾನರನ್ನು ಮಾತಾಡಿಸಲು ಹೋದೆ. ಸಹಾಯವಾಗಲಿ ಎಂದು ಹೊಡೆಯುವವ ಅದಕ್ಕೆ ಮತ್ತೆ ಅಷ್ಟೇ ಪುಡಿ ಹಾಕಿದ. ಅದನ್ನು ನೋಡದ ಒತ್ತುವವ ಇನ್ನಷ್ಟು ಹಾಕಿದ. ಗೋಡೆಗಳೆಲ್ಲ ಬಿಳಿ ಬಿಳಿ. ಇನ್ನು ನಮ್ಮ ಮೇಲೆ ದೂರು ಹೋಗುವುದೇ ಸೈ ಎಂದು ನಾನು ಎಣಿಸುತ್ತಿದ್ದರೆ, ಯಜಮಾನರ ಮುಖ ಅರಳಿತು.

"ಸುಣ್ಣ ಹೊಡೆಸ್ಬೇಕು ಅಂತ ಇದ್ದೆ ಮಾರಾಯ್ರೆ. ಜಗಲಿ ಒಂದು ಬಾಕಿ ಉಂಟು."

೩. ಆಲೆಟ್ಟಿಯಲ್ಲಿ ಜೀಪು

ಆಲೆಟ್ಟಿಯ ಆ ಮನೆಯವರು ಪಾತ್ರೆ, ಚಾಪೆ ಎಲ್ಲ ಅಂಗಳಕ್ಕೆ ಹೊತ್ತು ಹಾಕಿ ಕಾಯುತ್ತಿದ್ದರು. ಹೆಗಲು ಮುಟ್ಟಿ ನೋಡುತ್ತೇನೆ, ಪುಡಿಯ ಚೀಲ ಇಲ್ಲ. ಸುಳ್ಯದ ಹೋಟೆಲಿನಲ್ಲಿ ಬನ್ಸ್ ತಿಂದವ ಅಲ್ಲೇ ಬಿಟ್ಟು ಬಂದಿದ್ದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರ ಜೀಪು ಬಂತು.

ನಾನು ಮತ್ತೊಮ್ಮೆ ಹೆಗಲನ್ನೇ ಮುಟ್ಟಿ ನೋಡಿಕೊಂಡೆ. ಅವರಿಬ್ಬರು ಮಾತ್ರ, ನಾನು ಹೇಳದೆಯೇ, ಬರೀ ನೀರನ್ನು ಒತ್ತಿ ಹೊಡೆಯಲು ಶುರು ಮಾಡಿದ್ದರು. ಅಂಥ ಹೊಂದಾಣಿಕೆ ನಾನು ಕಂಡದ್ದು ಅದೇ ಮೊದಲು.

ಇನ್‌ಸ್ಪೆಕ್ಟರು ಗೋಡೆಗೆ ಬೆರಳು ಹಚ್ಚಿ ಮೂಸಿ ನೋಡಿ, ಪುಡಿ ಎಲ್ಲಿ ಎಂದು ಕೇಳಿದರು.

"ನಾನು ಮರೆತದ್ದು ಸಾರ್" ಎಂದ ಹೊಡೆಯುವವ.

"ಅವನಲ್ಲ ಸಾರ್, ನಾನು" ಎಂದ ಒತ್ತುವವ.

ನನ್ನ ಕಣ್ಣು ತುಂಬಿ ಬಂತು. ಬಾಯಿ ಮಾತ್ರ ತೆರೆಯಲಿಲ್ಲ. ಖಾಯಂ ನೌಕರಿ ಗಂಟಲಲ್ಲಿ ಕೂತಿತ್ತು. ಇನ್‌ಸ್ಪೆಕ್ಟರು ಒಬ್ಬನ ಕೈಯ ಪಂಪು ನೋಡಿದರು, ಇನ್ನೊಬ್ಬನ ಕೈಯ ಕೊಳವೆ ನೋಡಿದರು, ಕೊನೆಗೆ ನನ್ನ ಖಾಲಿ ಕೈ ನೋಡಿ ಏನೋ ಬರೆದುಕೊಂಡು ಹೋದರು.

ತಿಂಗಳಾದ ಮೇಲೆ ಆರ್ಡರು ಬಂತು. ಅವರಿಬ್ಬರೂ ಖಾಯಂ. ಮೇಸ್ತ್ರಿಯ ಅಗತ್ಯ ಈ ತಂಡಕ್ಕೆ ಕಾಣುವುದಿಲ್ಲವಂತೆ. ಸಮಾಧಾನ ಹೇಳಲು ಇಬ್ಬರೂ ಜೊತೆಯಾಗಿಯೇ ಮನೆಗೆ ಬಂದರು. ಹೆಂಡತಿ ಕೊಟ್ಟ ಕಾಫಿಯನ್ನು ನೀನು ಮೊದಲು, ನೀನು ಮೊದಲು ಎಂದು ಉಪಚಾರ ಮಾಡಿಕೊಂಡು ಕುಡಿದರು.

"ಬೇಜಾರು ಮಾಡ್ಬೇಡಿ ಮೇಸ್ತ್ರಿಗಳೇ" ಎಂದ ಒತ್ತುವವ. "ತಪ್ಪು ಈಗಲೂ ಮೂವರದ್ದೇ. ಖಾಯಂ ಮಾತ್ರ ಇಬ್ಬರದ್ದು."