ಓಡೋರಿಗೆ ‘ಊಟ ಆತೇನು’ ಅನಬ್ಯಾಡ್ರಿ

ನಮ್ಮ ಬೆಳ್ಳಟ್ಟ್ಯಾಗ ಯಾರರ ಓಡಾಕತ್ತಿದ್ರ ಏನರ ಒಂದು ಫಜೀತಿ ಆಗದ ಇರೂದಿಲ್ಲ ನೋಡ್ರಿ. ನಾ ಅಲ್ಲಿ ಸಾಲ್ಯಾಗ ಪಿ.ಟಿ. ಮಾಸ್ತರ ಇದ್ದೆ. ರಿಟೈರ್ ಆಗಿ ಮನ್ಯಾಗ ಕುಂತರೂ ಮುಂಜಾನೆ ಎದ್ದಕೂಡ್ಲೆ ಆ ಮೈದಾನ ನೆನಪಾಗಿ ಜೀವ ಹಳಹಳಿಸ್ತೈತಿ.

ನಾ ಕೆಲಸದಾಗ ಇದ್ದಾಗಿನ ಮಾತು, ಆಗಷ್ಟ ಗದಗ ಹೊಸಾ ಜಿಲ್ಲಾ ಆಗಿತ್ತು. ನಾ ಹುಡುಗ ಇದ್ದಾಗ ಓಟದಾಗ ಜಿಲ್ಲಾ ತಂಡಕ್ಕ ಆಯ್ಕಿ ಆಗಿ ಎದಿ ಮ್ಯಾಲ ಜಿಲ್ಲಾದ ಹೆಸರಿದ್ದ ಬನಿಯನ್ ಹಾಕ್ಕೋಬೇಕಂತ ಭಾಳ ಆಸಿ ಪಟ್ಟಿದ್ದೆ. ಸಿಗಲಿಲ್ಲ. ನನ್ನ ಕೈಯಾಗ ಕಲಿತ ಒಂದು ಕೂಸರ ‘ಗದಗ’ ಅಂತ ಬರದದ್ದು ಹಾಕ್ಕೊಳ್ಳಲಿ ಅಂತಿದ್ದೆ. ಕಿರಾಣಿ ಅಂಗಡಿಯವ್ರ ಮಗಳು, ಮೈ ದುಂಡಗಿದ್ದ ಹುಡುಗಿ, ಬಂದು, “ಸರ್, ಆ ಬನಿಯನ್ ನನಗ ಬೇಕ್ರಿ” ಅಂದ್ಲು.

೧. ಕಟ್ಟಿ ಮುಂದ

“ಮೆಲ್ಲಕ ಓಡಿದ್ರ ಬರೇ ಬೂಟು ಸವೀತಾವು, ಬೊಜ್ಜು ಹಂಗ ಇರತೈತಿ. ಬಾಯಾಗ ಮಾತು ಬರಬಾರದು, ಹಂಗ ಓಡು” ಅಂತ ಕಳಿಸಿದೆ. ನನ್ನ ಹೊಟ್ಟಿನೂ ಮುಂದ ಬಂದಿತ್ತು, ಅದು ಬ್ಯಾರೆ ಮಾತು.

ತಾಸಾದ್ರೂ ಹುಡುಗಿ ಪತ್ತೆ ಇಲ್ಲ. ಹುಡುಕ್ಕೋತ ಹೋದ್ರ ಹಿರ್ಯಾರು ಕುಂತ ಕಟ್ಟಿ ಮುಂದ ನಿಂತಾಳ.

“ಯಾಕ ನಿಂತಿ ಬೇ?”

“ಊಟ ಆತೇನವಾ ಅಂತ ಒಬ್ಬೊಬ್ಬರ ಕೇಳಾಕತ್ತಾರ್ರಿ. ಓಡಕೋತ ಉತ್ತರಾ ಕೊಟ್ರ ನೀವು ಬೈತೀರಿ, ಕೊಡದಿದ್ರ ಅವ್ರು ಬೈತಾರ!”

೨. ಹಾಲಿನ ಗಾಡಿ

ಊರೊಳಗ ಬ್ಯಾಡ ಅಂತ ಶಿರಹಟ್ಟಿ ರಸ್ತಾಕ್ಕ ಹಚ್ಚಿದೆ. ಹಾಲಿನ ಗಾಡಿಯವ ನೋಡಿ, “ಅಯ್ಯ, ಬಸ್ ತಪ್ಪೇತೇನವಾ? ಹತ್ತು, ಹತ್ತು” ಅಂತ ಕುಂಡ್ರಿಸ್ಕೊಂಡು ಶಿರಹಟ್ಟಿ ಬಸ್ ಸ್ಟ್ಯಾಂಡಿನ್ಯಾಗ ಇಳಿಸಿದ.

“ಒಲ್ಲೆ ಅನಬೇಕಿಲ್ಲೇನು?” ಅಂದೆ.

“ನೀವ ಹೇಳಿದಂಗ ಓಡಿದ್ದೆ ಸರ್. ಮಾತು ಬರಲಿಲ್ಲ.”

೩. ಬನಿಯನ್

ಗದಗಿನ್ಯಾಗ ಜಿಲ್ಲಾ ತಂಡದ ಆಯ್ಕಿ ಓಟ. ಅಷ್ಟೊತ್ತಿಗೆ ಹುಡುಗಿ ಮೈ ಕರಗಿ ಹಗುರಾಗಿದ್ಲು. ಕಡೀ ಸುತ್ತಿಗೆ ಆಕಿನ ಮುಂದ. ಆಗ ನೋಡ್ರಿ, ಬೆಟಗೇರಿಯಾಗಿನ ಆಕಿ ಅತ್ತಿ ಬೇಲಿ ಹಂತ್ಯಾಕ ನಿಂತು ಒದರಿದ್ಲು, “ಊಟ ಆತೇನ ನನ್ನವ್ವಾ?”

ನಿಂತಳು ಅಂದ್ರ ಬನಿಯನ್ ಹೋತು! ಹುಡುಗಿ ಬಾಯಿ ತಗದ್ಲು, ಮಾತು ಹೊಂಡಲಿಲ್ಲ. ಅತ್ತಿಗೆ ಕೈ ಮುಗದು ಹಂಗ ಓಡಿ ಎಲ್ಲಾರಕಿಂತ ಮೊದಲ ಬಂದ್ಲು.

ಬನಿಯನ್ ಕೊಡಾಕ ಕರದ್ರ ಆಕಿ ಇಲ್ಲ. ಓಡಿ ಬಂದ ದಾರ್ಯಾಗ ಹಿಂದಕ್ಕ ಹೋಗಿ, ಏದುಸಿರು ಬಿಡಕೋತ, “ಆತ್ರಿ ಅತ್ತಿ, ನಿಮ್ಮದಾತ್ರಿ?” ಅನ್ನಾಕತ್ತಾಳ.

ಬನಿಯನ್ ನನ್ನ ಕೈಗೆ ಕೊಟ್ರು. ‘ಗದಗ’ ಅಂತ ದಪ್ಪಕ್ಷರದಾಗ ಇತ್ತು. ಕಣ್ಣು ತುಂಬಿದ್ವು. ಯಾರೂ ನೋಡಾಕತ್ತಿಲ್ಲ ಅಂತ ಒಂದು ಗಳಿಗಿ ನನ್ನ ಎದಿಗೇ ಹಿಡಕೊಂಡು ನೋಡಿದೆ.

ಬೇಲಿ ಕಡಿಂದ ಹುಡುಗಿ ಒದರಿದ್ಲು: “ಸರ್, ನಿಮಗ ಬಿಗಿ ಆಕ್ಕೈತ್ರಿ! ನಾಳಿಂದ ನೀವೂ ಓಡ್ರಿ, ಬಾಯಾಗ ಮಾತು ಬರದಂಗ!”