ಒಂದೇ ಮನೆಯಲ್ಲಿ ಎರಡು ಕಾಯಿ

ಹಳೆಯ ಚದುರಂಗ ಗ್ರಂಥಗಳಲ್ಲಿನ ನಡೆಗಳನ್ನು ಹೊಸ ಬರಹಕ್ಕೆ ಇಳಿಸುವ ಕಾರ್ಯವನ್ನು ಗ್ರಂಥ ಪರಿಷ್ಕರಣ ಕಚೇರಿಯು ತನ್ನ ಕರಡು ತಿದ್ದುವವರೊಬ್ಬರಿಗೆ ವಹಿಸಿತು. ಅವರಿಗೆ ಚದುರಂಗದ ಗಂಧವಿರಲಿಲ್ಲವೆಂದಲ್ಲ. ಮಾವನವರ ಎದುರು ಹನ್ನೊಂದು ವರ್ಷ ಬಿಡದೆ ಸೋತ ಅನುಭವವಿತ್ತು. ಮೊದಲು ಕೈಗೆ ಬಂದ ಗ್ರಂಥವೂ ದಿವಂಗತ ಮಾವನವರು ತಮ್ಮ ಆಟಗಳನ್ನು ಬರೆದಿಟ್ಟದ್ದೇ.

'ರಾಜನ ಸಾಲಿನ ನಾಲ್ಕನೇ ಮನೆ' ಎಂದಿದ್ದಲ್ಲೆಲ್ಲ 'ಇ-4' ಎಂದು ಬರೆಯುತ್ತ ಹೋದರು. ಹಳೆಯ ಪದ್ಧತಿಯಲ್ಲಿ ಕಪ್ಪು ಕಾಯಿಯವರು ತಮ್ಮ ಕಡೆಯಿಂದ ಮನೆ ಎಣಿಸುತ್ತಾರೆ, ಹೊಸ ಬರಹ ಬಿಳಿಯ ಕಡೆಯಿಂದಲೇ ಎಣಿಸುವುದರಿಂದ ಅವರ ನಾಲ್ಕು ಇಲ್ಲಿ ಐದಾಗಬೇಕು ಎಂಬುದು ಹೊಳೆಯಲಿಲ್ಲ. 'ದೋಷರಹಿತ' ಎಂದು ಸಹಿ ಹಾಕಿದರು. ಪುಸ್ತಕ ಅಚ್ಚಾಯಿತು.

ಅಪ್ಪನ ಆಟ ನೋಡುವ ಆಸೆಯಿಂದ ಮಣೆ ಹರಡಿ ಕೂತ ಹೆಂಡತಿ, ಎರಡನೇ ಕಾಯಿ ಎತ್ತಿದವಳು ಹಾಗೇ ಕೈ ತಡೆದಳು. "ರೀ, ಈ ಮನೇಲಿ ಆಗ್ಲೇ ಒಬ್ಬ ಕೂತಿದಾನೆ. ಇವನನ್ನ ಎಲ್ಲಿ ಕೂರಿಸ್ಲಿ?"

ಅವರ ಮುಖ ಹುಳ್ಳಗಾಯಿತು. ಮರುದಿನವೇ ತಪ್ಪೊಪ್ಪಿಗೆ ಬರೆದು ಮೇಲಧಿಕಾರಿಗಳ ಮುಂದಿಟ್ಟರು. ಮೇಲಧಿಕಾರಿಗಳು ಕಡತ ಬಿಚ್ಚಿ, ಮೊಹರು ಬಿದ್ದಿದ್ದ 'ದೋಷರಹಿತ' ಪ್ರಮಾಣಪತ್ರ ತೋರಿಸಿದರು.

"ಅವತ್ತು ತಪ್ಪಿಲ್ಲ ಅಂದ್ರಿ, ಇವತ್ತು ಇದೆ ಅಂತೀರಿ. ಎರಡರಲ್ಲಿ ಮೊಹರು ಬಿದ್ದಿರೋದನ್ನ ತಾನೇ ನಾವು ನಂಬಬೇಕು?"

ತಪ್ಪಿರುವುದು ಆಟದಲ್ಲಿ ಎಂದು ಕಚೇರಿಯ ಸಮಿತಿ ಕಂಡುಕೊಂಡಿತು. ವಾರದೊಳಗೆ ಸುತ್ತೋಲೆ ಹೊರಟಿತು: "ಇನ್ನು ಮುಂದೆ ಒಂದು ಮನೆಯಲ್ಲಿ ಎರಡು ಕಾಯಿಗಳು ಹೊಂದಿಕೊಂಡು ಇರತಕ್ಕದ್ದು. ಹಾಗಿರುವ ಕಾಯಿಗಳು ಒಂದನ್ನೊಂದು ಹೊಡೆಯತಕ್ಕದ್ದಲ್ಲ."

ಇದನ್ನು ವಿರೋಧಿಸಿಯೇ ತೀರಬೇಕೆಂದು ಕರಡು ತಿದ್ದುವವರು ಪತ್ರವನ್ನೂ ಬರೆದರು. ಆದರೆ ಆ ಸಂಜೆ ಪುಸ್ತಕದ ಕೊನೆಯ ಆಟ ಕಣ್ಣಿಗೆ ಬಿತ್ತು. ಮಾವನವರು ಹದಿನಾಲ್ಕೇ ನಡೆಗಳಲ್ಲಿ ಅಳಿಯನಿಗೆ ಮಣ್ಣು ಮುಕ್ಕಿಸಿದ, ನೆಂಟರಿಷ್ಟರೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಆಟ. ಹೊಸ ಬರಹದಲ್ಲಿ ಮಾವನ ಮಂತ್ರಿ ಕೊನೆಯ ಏಟು ಹಾಕಲು ಬಂದು ಅಳಿಯನ ರಾಜನ ಮನೆಯಲ್ಲೇ ಕೂತಿತ್ತು. ಸುತ್ತೋಲೆಯ ಪ್ರಕಾರ ಹೊಡೆಯುವಂತಿಲ್ಲ. ಆಟ ಸಮ.

ಅವರು ಅದನ್ನು ಮಣೆಯ ಮೇಲೆ ಇನ್ನೊಮ್ಮೆ ಆಡಿ ನೋಡಿದರು. ಆಮೇಲೆ ಪತ್ರವನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟರು.

ಆಟಗಾರರು ಒಂದು ತಿಂಗಳು ಗೊಣಗಿದರು. ಬಡಗಿಗಳು ಮನೆಗಳನ್ನು ಅಗಲ ಮಾಡಿಕೊಟ್ಟ ಮೇಲೆ ಸುಮ್ಮನಾದರು. ಪಂದ್ಯಗಳೆಲ್ಲ ಸಮವಾಗಿ ಮುಗಿಯತೊಡಗಿದವು. ಯಾರೂ ಸೋಲದ ಆಟ ಎಲ್ಲರಿಗೂ ಹಿಡಿಸಿತು.

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. "ಇದು ಅಪ್ಪನ ಆಟಾನೇ ಅಲ್ಲ" ಅಂದಳು.

"ನಿಯಮ ಅಂದ್ರೆ ನಿಯಮ ಕಣೇ."

"ಸರಿ, ಕೂತ್ಕೊಳ್ಳಿ ಹಾಗಾದ್ರೆ."

ಹೆಂಡತಿ ತನ್ನ ಕಾಯಿ ಒಂದನ್ನೂ ಅವರ ಕಾಯಿಯ ಮನೆಗೆ ನುಗ್ಗಿಸದೆ, ಸುತ್ತಲಿನ ದಾರಿಗಳನ್ನಷ್ಟೇ ಕಟ್ಟುತ್ತ ಹೋದಳು; ಒಂಬತ್ತನೇ ನಡೆಗೆ ಅವರ ರಾಜ ಮೂಲೆ ಸೇರಿ ಸೋತ. ಅವರು ಸುತ್ತೋಲೆಯನ್ನು ಎರಡು ಸಲ ಓದಿದರು, ಎಲ್ಲವೂ ನಿಯಮಬದ್ಧವಾಗಿತ್ತು. ಹೊಸ ಪದ್ಧತಿಯಲ್ಲಿ ಸೋತವರಲ್ಲಿ ತಾವೇ ಮೊದಲಿಗರೆಂದು ಮರುದಿನ ವರದಿ ಸಲ್ಲಿಸಿದರು. ಕಚೇರಿಯು ಅವರನ್ನು ಅಭಿನಂದಿಸಿತು.